ಚಿಟ್ಟೆ ತೋಟ ಮಾಡುವ ಮೊದಲು ಕತ್ತಿ ಕೆಳಗಿಡಿ

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಶಾಲೆಗಳಲ್ಲಿ ಎರಡು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಒಂದು, ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ಅಂಗಳದ, ಬೇಲಿಬದಿಯ, ಹಿಂದಿನ ಗುಡ್ಡೆಯ "ಕಾಡು ಸವರುವುದು". ಇನ್ನೊಂದು, ಪರಿಸರ ಕ್ಲಬ್ಬಿನ ಲೆಕ್ಕದಲ್ಲಿ "ಚಿಟ್ಟೆ ತೋಟ" ಮಾಡುವುದು. ಮೊದಲನೆಯದಕ್ಕೆ ಪೆಟ್ರೋಲು ಕುಡಿಯುವ ಹುಲ್ಲು ಕತ್ತರಿಸುವ ಯಂತ್ರ ಬರುತ್ತದೆ. ಎರಡನೆಯದಕ್ಕೆ ನರ್ಸರಿಯಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಿಡಗಳು ಬರುತ್ತವೆ. ಎರಡಕ್ಕೂ ಬಿಲ್ಲು ಇದೆ, ಎರಡಕ್ಕೂ ಫೋಟೋ ಇದೆ. ಎರಡನ್ನೂ ಒಂದೇ ಪಿಟಿಎ ಸಭೆ ಒಪ್ಪಿರುತ್ತದೆ.

ಸ್ವಲ್ಪ ಯೋಚಿಸಿ. ಇದ್ದ ಚಿಟ್ಟೆ ತೋಟವನ್ನು ಕಾಸು ಕೊಟ್ಟು ಕತ್ತರಿಸಿ, ಇಲ್ಲದ ಚಿಟ್ಟೆ ತೋಟವನ್ನು ಕಾಸು ಕೊಟ್ಟು ನೆಡುವುದು ಯಾವ ಲೆಕ್ಕ ಮಾರಾಯ್ರೆ?

ಕತ್ತರಿಸಿ ಹಾಕಿದ್ದು ಏನು ಎಂದು ನೋಡಿದವರು ಕಡಿಮೆ. ಆಟಿ ಕಳೆದು ಸೋಣ ಕಾಲಿಡುವ ಹೊತ್ತಿಗೆ ನಮ್ಮ ಶಾಲೆಗಳ ಹಿಂದಿನ ಗುಡ್ಡೆಯಲ್ಲಿ ತುಂಬೆ ಬಿಳಿಬಿಳಿಯಾಗಿ ಅರಳಿರುತ್ತದೆ. ನೆಕ್ಕರೆ ಗಿಡದ ತುಂಬ ನೇರಳೆ ಹೂ. ಬೇಲಿಯ ಬುಡದಲ್ಲಿ ಕಾಡು ಕರ್ಣಕುಂಡಲ, ಪೊದೆಯಲ್ಲಿ ಕೇಪಳ, ಅದರ ಮೇಲೆ ಹತ್ತಿ ನಿಂತ ಬೆಂಕಿ ಬಣ್ಣದ ಗೌರಿ ಹೂ. ಒಣಗಿದ ಕಾಯಿ ಅಲ್ಲಾಡಿಸಿದರೆ ಸದ್ದು ಮಾಡುವ ಗಿಲಿಗಿಲಿ ಗಿಡದ ಹಳದಿ ಹೂ. ಇದಕ್ಕೆಲ್ಲ ನಾವು ಇಟ್ಟ ಒಟ್ಟು ಹೆಸರು "ಕಾಡು". ಇನ್ನೂ ಅಸಡ್ಡೆಯಾಗಿ ಹೇಳುವುದಾದರೆ "ಕಳೆ".

ನೆಟ್ಟದ್ದು ಏನು? ಕಾಸ್ಮೋಸ್, ಜಿನ್ನಿಯ, ಚೆಂಡುಹೂ. ಮೂರರದ್ದೂ ಮೂಲ ಊರು ಮೆಕ್ಸಿಕೊ. ಅಂಚಿಗೆ ಹಳದಿ ಹೂವಿನ ಸಿಂಗಾಪುರ ಡೈಸಿ. ಹೆಸರಿನಲ್ಲಿ ಮಾತ್ರ ಸಿಂಗಾಪುರ, ಅದರ ಊರು ಅಮೆರಿಕದ ಉಷ್ಣವಲಯ. ಎರಡು ಮಳೆಗಾಲ ಬಿಟ್ಟರೆ ತೋಟದ ಅಂಚು ದಾಟಿ ತೋಡಿನ ಬದಿಗೆ ಇಳಿಯುತ್ತದೆ, ಆಮೇಲೆ ಅದರ ಕೆಳಗೆ ಬೇರೆ ಏನೂ ಏಳುವುದಿಲ್ಲ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಗೇರು, ಪಪ್ಪಾಯ, ಮೆಣಸಿನಕಾಯಿ ಎಲ್ಲ ಅಮೆರಿಕದಿಂದ ಬಂದವೇ. ನಮ್ಮ ಮಕ್ಕಳು ಮುಟ್ಟಿ ಆಡುವ ನಾಚಿಕೆ ಮುಳ್ಳೂ ಅಲ್ಲಿಯದೇ. ನನ್ನ ತಕರಾರು ಇಷ್ಟೇ: ಪಾತರಗಿತ್ತಿಗೆ, ಜೇನಿಗೆ ಉಪಕಾರ ಮಾಡುತ್ತೇವೆ ಎಂದು ಬೋರ್ಡು ಹಾಕುವವರು ಅವುಗಳ ಊಟದ ಬಟ್ಟಲನ್ನು ಅದೇ ವಾರ ಒದ್ದು ಬೀಳಿಸಬಾರದು.

"ಚೆಂಡುಹೂವಿಗೂ ಚಿಟ್ಟೆ ಬರುತ್ತದಲ್ಲ ಸಾರ್?" ಎಂದು ಕೇಳುತ್ತಾರೆ. ಬರುತ್ತದೆ. ಚದುರಂಗಿ ಹೂವಿಗೂ ಬರುತ್ತದೆ. ಆದರೆ ಹೋಟೆಲಿನಲ್ಲಿ ಚಾ ಕುಡಿಯಲು ಬಂದವನು ಆ ಊರಿನಲ್ಲಿ ಸಂಸಾರ ಹೂಡಿದ ಎಂದು ಅರ್ಥವಲ್ಲ. ಹೂವಿನ ರಸ ಕುಡಿಯುವುದು ದೊಡ್ಡ ಚಿಟ್ಟೆ. ಅದು ಮೊಟ್ಟೆ ಇಡಬೇಕಾದರೆ ಮರಿಹುಳ ತಿನ್ನುವ ಎಲೆ ಬೇಕು. ಆ ವಿಷಯದಲ್ಲಿ ಚಿಟ್ಟೆಗಳಷ್ಟು ಹಟಮಾರಿಗಳು ಬೇರೆ ಇಲ್ಲ. ಕಾಮನ್ ಮಾರ್ಮನ್ ಚಿಟ್ಟೆಗೆ ಕರಿಬೇವು, ಲಿಂಬೆಯ ಜಾತಿ. ಪ್ಲೇನ್ ಟೈಗರಿಗೆ ಎಕ್ಕ. ಕ್ರಿಮ್ಸನ್ ರೋಸಿಗೂ, ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗಿಗೂ ಈಶ್ವರ ಬಳ್ಳಿಯ ಜಾತಿ. ಆ ಬಳ್ಳಿಯ ವಿಷವನ್ನು ಮರಿಹುಳ ತನ್ನ ಮೈಯಲ್ಲಿ ಸಂಗ್ರಹಿಸಿಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಕೇರಳ 2018ರಲ್ಲಿ ರಾಜ್ಯ ಚಿಟ್ಟೆ ಎಂದು ಸಾರಿದ ಬುದ್ಧಮಯೂರಿಯ ಮರಿಗೆ ಬೇಕಾದದ್ದು ಮೈತುಂಬ ಮುಳ್ಳಿರುವ ಜುಮ್ಮನಕಾಯಿ ಮರ. ಮುಳ್ಳು ಎಂದು ನಾವು ಮೊದಲು ಕಡಿಯುವುದು ಅದನ್ನೇ. ಗೋಡೆಯ ಮೇಲೆ ರಾಜ್ಯ ಚಿಟ್ಟೆಯ ಚಿತ್ರ, ಗೋಡೆಯ ಹಿಂದೆ ಅದರ ಮರದ ಬೊಡ್ಡೆ!

ಗಿಲಿಗಿಲಿ ಗಿಡದ ಕತೆ ಇನ್ನೂ ಸ್ವಾರಸ್ಯದ್ದು. ಬ್ಲೂ ಟೈಗರ್ ಮತ್ತು ಅದರ ಬಳಗದ ಗಂಡು ಚಿಟ್ಟೆಗಳು ಆ ಗಿಡದ ಒಣಗಿದ ಎಲೆ, ಕಾಯಿಗಳಿಗೆ ಗುಂಪಾಗಿ ಮುತ್ತುತ್ತವೆ. ಹೂವಿನ ರಸಕ್ಕಲ್ಲ, ಗಿಡದೊಳಗಿನ ಒಂದು ಕಹಿ ರಾಸಾಯನಿಕಕ್ಕೆ. ಹೆಣ್ಣನ್ನು ಸೆಳೆಯುವ ಪರಿಮಳವನ್ನು ಅವು ಅದರಿಂದ ತಯಾರಿಸಿಕೊಳ್ಳುತ್ತವೆ. ಅಂದರೆ ನಮ್ಮ ಕಣ್ಣಿಗೆ ಸತ್ತು ಒಣಗಿದ ಕಸವೂ ಅವಕ್ಕೆ ಮದುವೆಯ ಅತ್ತರು.

ಈಗ ಜೇನಿನ ವಿಷಯಕ್ಕೆ ಬರೋಣ. ಪೇಟೆಯವರು ಓದುವ ತೋಟಗಾರಿಕೆ ಲೇಖನಗಳಲ್ಲಿ "ಬೇಸಗೆಯ ಕೊನೆಯ ಹೂಗಳು" ಎಂದು ಇರುತ್ತದೆ. ಅದು ಪರದೇಶದ ಪಂಚಾಂಗ. ಅವರ ಬೇಸಗೆಯ ಕೊನೆ ಎಂದರೆ ನಮಗೆ ಮಳೆಗಾಲದ ಕೊನೆ. ನಮ್ಮಲ್ಲಿ ಜೇನು ಪೆಟ್ಟಿಗೆ ಇಟ್ಟವರನ್ನು ಕೇಳಿ, ಹೇಳುತ್ತಾರೆ: ಜೇನಿಗೆ ಸುಗ್ಗಿ ಮಾಗಿಯಿಂದ ಬೇಸಗೆಯವರೆಗೆ. ರಬ್ಬರು ಮರ ಹೊಸ ಚಿಗುರು ಬಿಡುವಾಗ ಎಲೆಯ ತೊಟ್ಟಿನಲ್ಲಿ ಒಸರುವ ಸಿಹಿ ಸಿಗುವುದೂ ಆಗಲೇ. ಜೂನಿನಿಂದ ಆಗಸ್ಟಿನವರೆಗೆ ಬರಗಾಲ. ಆಗ ತುಡುವೆ ಜೇನು ಸಾಯದಿರಲಿ ಎಂದು ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡಬೇಕಾಗುತ್ತದೆ. ಪೆಟ್ಟಿಗೆಯ ಜೇನಿಗೆ ಸಾಕಿದವನಿದ್ದಾನೆ. ಗೋಡೆ ಸಂದಿಯ ಮುಜಂಟಿಗೆ, ಮರದ ಕೊಂಬೆಯ ಕೋಲುಜೇನಿಗೆ, ಮಣ್ಣಿನಲ್ಲಿ ತೂತು ಕೊರೆದು ಒಂಟಿಯಾಗಿ ಬದುಕುವ ಹತ್ತಾರು ಬಗೆಯ ಜೇನುನೊಣಗಳಿಗೆ ಪಾಕ ಇಡುವವರು ಯಾರು? ಮಳೆ ಬಿಟ್ಟು ಬಿಟ್ಟು ಬರುವ ಆ ವಾರಗಳಲ್ಲಿ ಅವನ್ನು ಉಳಿಸುವುದು ಬೇಲಿಬದಿಯ ತುಂಬೆಯಂಥ ಹೂಗಳೇ. ಹಸಿದವನು ತಟ್ಟೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ನಾವು ಯಂತ್ರ ಹಿಡಿದು ಹೋಗುತ್ತೇವೆ.

ತುಂಬೆಗೆ ಇದರಿಂದ ಇನ್ನೊಂದು ಪೆಟ್ಟು. ಅದು ಬೀಜದಿಂದ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ, ಒಣಗಿ ಹೋಗುವ ಗಿಡ. ಆಗಸ್ಟಿನಲ್ಲಿ ಕತ್ತರಿಸಿದರೆ ಆ ವರ್ಷದ ಹೂ ಮಾತ್ರವಲ್ಲ, ಮುಂದಿನ ವರ್ಷದ ಬೀಜವೂ ಹೋಯಿತು. ನಾಲ್ಕು ವರ್ಷ ಹೀಗೆಯೇ ನಡೆದರೆ ಐದನೆಯ ವರ್ಷ ಅಲ್ಲಿ ಏಳುವುದು ಕತ್ತರಿಸಿದಷ್ಟೂ ಚಿಗುರುವ ಕಮ್ಯೂನಿಸ್ಟ್ ಗಿಡದಂಥದ್ದು ಮಾತ್ರ. ಆಮೇಲೆ ನಾವೇ ಹೇಳುತ್ತೇವೆ, "ಈಗ ತುಂಬೆ ಎಲ್ಲಿದೆ? ಕಾಲ ಕೆಟ್ಟಿದೆ" ಅಂತ. ಕಾಲಕ್ಕೆ ಕೈ ಇಲ್ಲ ಸ್ವಾಮಿ, ಯಂತ್ರ ಹಿಡಿಸಿದ್ದು ನಾವು.

ನೆಕ್ಕರೆ ಹೂವನ್ನು ವಿಜ್ಞಾನದ ಪಾಠಕ್ಕೆ ಯಾಕೆ ಬಳಸುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ. ಅದರಲ್ಲಿ ರಸವಿಲ್ಲ, ಪರಾಗ ಮಾತ್ರ. ಆ ಪರಾಗವೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಬಂದಿ. ತುಡುವೆ ಬಂದರೆ ಅದನ್ನು ಅಲುಗಿಸಲಾರದು. ಕಪ್ಪಗೆ ದಪ್ಪಗೆ ಇರುವ ಬಡಗಿ ದುಂಬಿ ಬಂದು, ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಗುಂಯ್ ಎಂದು ಕಂಪಿಸಿದಾಗ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪರಾಗ ಉದುರುತ್ತದೆ. ಬದನೆ, ಟೊಮೆಟೊ ಹೂಗಳಿಗೂ ಇದೇ ಗುಂಯ್‌ಗುಡುವ ಕೆಲಸಗಾರರು ಬೇಕು. ಶಾಲೆಯ ತರಕಾರಿ ತೋಟದಲ್ಲಿ ಸಿಹಿಗುಂಬಳ ಹೂ ಬಿಟ್ಟು ಕಾಯಿ ಹಿಡಿಯದೆ ಉದುರಿದರೆ ಎಲ್ಲರೂ ಗೊಬ್ಬರ ಕೇಳುತ್ತಾರೆ. ಗುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ಓಡಾಡಲು ಜೇನು ಬೇಕು. ಹತ್ತು ಮಾರು ಆಚೆ ಬೇಲಿಯನ್ನು ಬೋಳಿಸಿ, ಇತ್ತ ಮಧ್ಯಾಹ್ನದ ಸಾರಿಗೆ ಗುಂಬಳ ಬೇಕೆಂದರೆ ಎಲ್ಲಿಂದ ಬರಬೇಕು?

ಇನ್ನು ಪಾರೆಯ ಮಾತು. ಕುಂಬಳೆಯಿಂದ ತೆಂಕಣಕ್ಕೆ ಚೀಮೇನಿಯವರೆಗೆ ನಮ್ಮ ಜಿಲ್ಲೆಯ ಬೆನ್ನೆಲುಬು ಎಂದರೆ ಮುರಕಲ್ಲಿನ ಈ ಬೋಳು ಗುಡ್ಡಗಳು. ಸರಕಾರಿ ಭಾಷೆಯಲ್ಲಿ ಬಂಜರು. ಏಪ್ರಿಲಿನಲ್ಲಿ ನೋಡಿದರೆ ಕಾವಲಿಯೇ ಸರಿ. ಆದರೆ ಸೆಪ್ಟೆಂಬರಿನಲ್ಲಿ ಹೋಗಿ ನೋಡಿ. ಕಲ್ಲಿನ ಮೇಲೆ ಬೆರಳುದ್ದದ ನೀರು, ಆ ನೀರಿನಲ್ಲಿ ನೀಲಿಯ ಚಾಪೆ. ಮಲಯಾಳಿಗಳು ಅದನ್ನು ಕಾಕ್ಕಪ್ಪೂವು ಎನ್ನುತ್ತಾರೆ. ಚೆಂದದ ಆ ಹೂವಿನ ಗಿಡ ಮಾಂಸಾಹಾರಿ! ಬೇರಿನ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು, ನೀರಿನ ಸೂಕ್ಷ್ಮ ಜೀವಿ ಬಾಗಿಲ ಕೂದಲನ್ನು ಮುಟ್ಟಿದರೆ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಕಲ್ಲಿನಲ್ಲಿ ಸಾರಜನಕ ಇಲ್ಲದ್ದರಿಂದ ಈ ಉಪಾಯ. ಪಕ್ಕದಲ್ಲೇ ಬಿಳಿ ಗುಂಡುಸೂಜಿಯ ತಲೆಯಂಥ ಹೂಗಳ ಹುಲ್ಲು. ಆ ಬಳಗದ ಒಂದು ಜಾತಿಗೆ ನೆರೆಯ ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರೆಯ ಹೆಸರನ್ನೇ ಇಟ್ಟಿದ್ದಾರೆ. 2012ರಲ್ಲಿ ಜಗತ್ತಿಗೆ ಹೊಸದೆಂದು ವರ್ಣಿಸಿದ ಬಿಳಿಯ ನೀರುಹೂ, ಪೆರಿಯ ಪೊಲತ್ತಾಳಿ, ನಮ್ಮ ಜಿಲ್ಲೆಯ ಪೆರಿಯದ ಪಾರೆಯ ತೋಡಿನದು. ಅದನ್ನು ಜಿಲ್ಲೆಯ ಹೂವೆಂದು ಘೋಷಿಸಿಯೂ ಆಗಿದೆ. ಬಂಜರು ಎಂದು ಬರೆದವರು ಮಳೆಗಾಲದಲ್ಲಿ ಕಚೇರಿಯಿಂದ ಹೊರಗೆ ಬಂದಿರಲಿಲ್ಲ ಎಂದೇ ನನ್ನ ಅನುಮಾನ. ಆ ಒಂದು ಪದದ ಬಲದಿಂದ ಕಲ್ಲು ಕೋರೆಗಳು ಪಾರೆಯನ್ನು ಚೌಕ ಚೌಕವಾಗಿ ಕತ್ತರಿಸಿ ಲಾರಿಗೆ ಹೇರುತ್ತಿವೆ.

ಈ ಮಾತನ್ನು ಬೇರೆ ಯಾವ ಜಿಲ್ಲೆಗಾದರೂ ಮೊದಲಿನಿಂದ ಹೇಳಿಕೊಡಬೇಕಾದೀತು. ಕಾಸರಗೋಡಿಗೆ ಬೇಕಿರಲಿಲ್ಲ. ಕೀಟವೊಂದನ್ನು ಕೊಲ್ಲಲು ಹೊರಟರೆ ಏನಾಗುತ್ತದೆ ಎಂದು ಈ ನೆಲ ಮೈಯಲ್ಲಿ ಬರೆಸಿಕೊಂಡಿದೆ. ಗೇರು ತೋಟದ ಚಹಾ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸೊಳ್ಳೆಯ ಜೊತೆಗೆ ಜೇನೂ ಹೋಯಿತು, ಮೀನೂ ಹೋಯಿತು. ಪಡ್ರೆ, ಸ್ವರ್ಗ, ಎಣ್ಮಕಜೆಯಂಥ ಕನ್ನಡದ ಊರುಗಳಲ್ಲಿ ಮಕ್ಕಳ ಬದುಕೇ ಹೋಯಿತು. ಶ್ರೀಪಡ್ರೆಯವರಂಥ ಪತ್ರಕರ್ತರೂ ವಾಣಿನಗರದ ವೈದ್ಯರಾದ ಡಾ. ಮೋಹನ್ ಕುಮಾರ್ ಅವರೂ ವರ್ಷಗಟ್ಟಲೆ ಕೂಗಿದ ಮೇಲೆ ಹೊರಗಿನವರಿಗೆ ಕೇಳಿಸಿತು. ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಅದರ ನಂತರವೂ ನಮ್ಮದೇ ಅಂಗಳದ ಹುಲ್ಲಿಗೆ "ಸ್ವಲ್ಪ ಔಷಧ ಹೊಡೆದರೆ ಆಯಿತು" ಎನ್ನುವ ನಾಲಿಗೆ ನಮಗೆ ಹೇಗೆ ಬರುತ್ತದೆ? ಅದು ಔಷಧವಲ್ಲ, ವಿಷ. ಕಳೆನಾಶಕ ಗ್ಲೈಫೊಸೇಟಿನ ಮಾರಾಟವನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿತು. ಮಕ್ಕಳು ಬರಿಗಾಲಲ್ಲಿ ಆಡುವ ಜಾಗಕ್ಕೆ ಯಾವುದೇ ವಿಷದ ಡಬ್ಬಿ ಬರಕೂಡದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಚರ್ಚೆ ಇರುವುದು ಹಾವಿನ ವಿಷಯದಲ್ಲಿ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2019ರ ನವೆಂಬರಿನಲ್ಲಿ ವಯನಾಡಿನ ಶಾಲೆಯೊಂದರ ತರಗತಿಯೊಳಗೇ ಹಾವು ಕಚ್ಚಿ ಒಬ್ಬ ಪುಟ್ಟ ವಿದ್ಯಾರ್ಥಿನಿ ತೀರಿಹೋದಳು. ಅಂದಿನಿಂದ ಶಾಲೆಯ ಸುತ್ತ ಒಂದು ಹುಲ್ಲುಕಡ್ಡಿ ಉದ್ದ ಬೆಳೆದರೂ ತಂದೆತಾಯಿಗೆ ಹೆದರಿಕೆ, ಮುಖ್ಯೋಪಾಧ್ಯಾಯರಿಗೆ ಹೆದರಿಕೆ. ಆ ಹೆದರಿಕೆ ನ್ಯಾಯವಾದದ್ದು. ಆದರೆ ಆ ಮಗುವನ್ನು ಕಚ್ಚಿದ ಹಾವು ಇದ್ದದ್ದು ತರಗತಿಯ ಕೋಣೆಯ ಬಿಲದಲ್ಲಿ, ತುಂಬೆಯ ಗಿಡದಲ್ಲಿ ಅಲ್ಲ. ನೆಲದ ತೂತು ಮುಚ್ಚಿ, ಕಲ್ಲಿನ ರಾಶಿ, ಹಳೇ ಹಂಚಿನ ರಾಶಿ ತೆಗೆಯಿರಿ, ಇಲಿ ಬರುವ ಎಂಜಲು ಅನ್ನ ಚೆಲ್ಲಬೇಡಿ. ಕಟ್ಟಡದ ಸುತ್ತ, ಶೌಚಾಲಯದ ದಾರಿಯಲ್ಲಿ, ಆಟದ ಬಯಲಿನಲ್ಲಿ ನಾಲ್ಕು ಮಾರು ಅಗಲಕ್ಕೆ ಬೇಕಾದಷ್ಟು ಬೋಳಿಸಿ, ನಾನೇ ಮುಂದೆ ನಿಂತು ಹುಲ್ಲು ಹೆರೆಸುತ್ತೇನೆ. ಅದರಾಚೆಯ ಗುಡ್ಡೆಯ ಅಂಚನ್ನು, ಮಕ್ಕಳು ಒಬ್ಬಂಟಿಯಾಗಿ ಹೋಗದ ಬೇಲಿಯ ಮೂಲೆಯನ್ನು ಅಕ್ಟೋಬರು ಮುಗಿಯುವ ತನಕ ಬಿಟ್ಟುಬಿಡಿ. ಮಗುವಿನ ಜೀವವೋ ಹೂವೋ ಎಂದು ಆರಿಸುವ ಪ್ರಸಂಗ ಇಲ್ಲಿ ಇಲ್ಲವೇ ಇಲ್ಲ. ಎಲ್ಲಿ ಕತ್ತರಿಸಬೇಕು ಎಂದು ಯೋಚಿಸುವ ಸೋಮಾರಿತನ ಮಾತ್ರ ಇದೆ.

ಈಗ ಕನ್ನಡ ಮಾಧ್ಯಮದ ನಮಗೇ ಸೇರಿದ ಮಾತು. ಚಿಟ್ಟೆ ತೋಟದ ಬೋರ್ಡಿನಲ್ಲಿ "ಶಲಭೋದ್ಯಾನ" ಎಂದು ಬರೆಸುವುದನ್ನು ನೋಡುತ್ತೇವೆ. ಮಲಯಾಳದಲ್ಲಿ ಶಲಭ ಎಂದರೆ ಚಿಟ್ಟೆ, ಸರಿ. ಕನ್ನಡದ ನಿಘಂಟು ತೆರೆದರೆ ಶಲಭ ಎಂದರೆ ದೀಪಕ್ಕೆ ಬೀಳುವ ಪತಂಗ, ಮಿಡತೆ. ಪಾತರಗಿತ್ತಿ ಎಂಬ ಕುಣಿಯುವ ಪದ ಇರುವಾಗ ಮಿಡತೆ ತೋಟ ಮಾಡುವ ಕರ್ಮ ನಮಗೇಕೆ? ಇದು ಮಲಯಾಳದ ಮೇಲಿನ ಸಿಟ್ಟಲ್ಲ. ಮಲಯಾಳಿ ಮಕ್ಕಳಿಗೆ ತುಂಬ ಗೊತ್ತು, ತೆಚ್ಚಿ ಗೊತ್ತು, ಕಾಕ್ಕಪ್ಪೂವು ಗೊತ್ತು. ಅವು ಓಣಂ ಹಾಡು, ಪಾಠ, ಪತ್ರಿಕೆ ಎಲ್ಲ ಕಡೆ ಬರುತ್ತವೆ. ನಮ್ಮ ಮಕ್ಕಳಿಗೆ ಪುಸ್ತಕದ ಅನುವಾದದಲ್ಲಿ ಆ ಹೆಸರು ಹಾಗೇ ಬರುತ್ತದೆ, ಅಥವಾ "ಒಂದು ಬಗೆಯ ಹೂ" ಎಂದು ಬರುತ್ತದೆ. ಮನೆಯಲ್ಲಿ ಅಜ್ಜಿ ತುಳುವಿನಲ್ಲೋ, ಹವ್ಯಕ ಕನ್ನಡದಲ್ಲೋ, ಕೊಂಕಣಿ, ಮರಾಟಿಯಲ್ಲೋ ಹೇಳುವ ಹೆಸರು ಶಾಲೆಯ ಗೇಟಿನ ಒಳಗೆ ಬರುವುದೇ ಇಲ್ಲ. ಜಿಲ್ಲೆಯ ಮರ ಎಂದು ಕಾಂಜಿರವನ್ನು ಸಾರಿದರು. ಕನ್ನಡದಲ್ಲಿ ಅದು ಕಾಸರಕ, ಕಾಸರಗೋಡಿಗೆ ಹೆಸರು ಬಂದದ್ದು ಆ ಮರದಿಂದ ಎಂಬುದೂ ಒಂದು ವಿವರಣೆ. ಈ ಊರಿನಲ್ಲಿ ಹುಟ್ಟಿದ ಎಷ್ಟು ಮಕ್ಕಳಿಗೆ ಕಾಸರಕದ ಮರ ತೋರಿಸಿದ್ದೇವೆ?

ಹೆಸರು ಗೊತ್ತಿಲ್ಲದ್ದನ್ನು ಕತ್ತರಿಸುವುದು ಸುಲಭ. ನನ್ನ ವಾದದ ತಿರುಳೇ ಇದು. ಮುನ್ನೂರೈವತ್ತು ವರ್ಷ ಹಿಂದೆ ಡಚ್ಚರು ಹೋರ್ತುಸ್ ಮಲಬಾರಿಕುಸ್ ಎಂಬ ಗ್ರಂಥ ಮಾಡಿಸಿದರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾಯಿತು. ಊರಿನ ವೈದ್ಯ ಇಟ್ಟಿ ಅಚ್ಯುತನ್ ಹೇಳಿದ ಹೆಸರುಗಳೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿಗರ ಸಹಾಯವೂ ಅದರಲ್ಲಿ ಇವೆ. ವ್ಯಾಪಾರಕ್ಕೆ ಬಂದ ಪರದೇಶಿಗಳಿಗೆ ಈ ಬೇಲಿಬದಿಯ ಗಿಡಗಳ ಊರ ಹೆಸರು ಬರೆದಿಡಬೇಕು ಎನಿಸಿತು. ಇಲ್ಲೇ ಇರುವ ನಮಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಪುರುಸೊತ್ತಿಲ್ಲ!

ಹಬ್ಬಗಳನ್ನೇ ನೋಡಿ. ಹೆಚ್ಚುಕಮ್ಮಿ ಇದೇ ದಿನಗಳಲ್ಲಿ ಮಲಯಾಳಿಗಳ ಅಂಗಳದಲ್ಲಿ ಪೂಕಳಂ. ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರಗಳಂದು ತುಳಸಿಗೆ ಚೂಡಿ. ನಮ್ಮ ಕಡೆ ಸೋಣ ತಿಂಗಳಿಡೀ ಹೊಸ್ತಿಲು ಪೂಜೆ. ಮೂರು ಭಾಷೆ, ಮೂರು ಆಚಾರ, ಆದರೆ ಮೂರಕ್ಕೂ ಹೂ ಬರುತ್ತಿದ್ದದ್ದು ಒಂದೇ ಗುಡ್ಡೆಯಿಂದ. ಯಾವ ಹೂ ಯಾವ ವಾರ ಅರಳುತ್ತದೆ ಎಂಬ ಪಂಚಾಂಗ ಹೆಂಗಸರ, ಮಕ್ಕಳ ಬೆರಳ ತುದಿಯಲ್ಲಿ ಇತ್ತು. ಈಗ ಶಾಲೆಯ ಪೂಕಳಂ ಸ್ಪರ್ಧೆಗೆ ಪೇಟೆಯಿಂದ ಕಿಲೋ ಲೆಕ್ಕದಲ್ಲಿ ಚೆಂಡುಹೂ. ಗುಂಡ್ಲುಪೇಟೆಯ ನಮ್ಮ ಕನ್ನಡದ ರೈತರು ಅದನ್ನು ಬೆಳೆದು ಕೇರಳಕ್ಕೆ ಕಳಿಸುತ್ತಾರೆ, ಈಚಿನ ವರ್ಷಗಳಲ್ಲಿ ಕುಟುಂಬಶ್ರೀಯ ಹೆಂಗಸರೂ ಬೆಳೆಯುತ್ತಿದ್ದಾರೆ. ಅವರ ಹೊಟ್ಟೆಗೆ ಕಲ್ಲು ಹಾಕಬೇಕೆಂದು ನಾನು ಹೇಳುವುದಿಲ್ಲ. ಮನೆಗೆ ಕೊಳ್ಳಿ, ದೇವಸ್ಥಾನಕ್ಕೆ ಕೊಳ್ಳಿ. ಶಾಲೆಯ ಸ್ಪರ್ಧೆಗೆ ಮಾತ್ರ ಒಂದು ನಿಯಮ ಮಾಡೋಣ: ಊರಿನ ಹೂ ಮಾತ್ರ, ಪ್ರತಿ ಹೂವಿನ ಹೆಸರು ಹೇಳಿದರೆ ಮಾತ್ರ ಅಂಕ, ಒಂದು ಗಿಡದ ಅರ್ಧಕ್ಕಿಂತ ಹೆಚ್ಚು ಕೊಯ್ದರೆ ಅಂಕ ಕಡಿತ. ವೃತ್ತ ಸಣ್ಣದಾದೀತು. ಆಗಲಿ.

ಕೊನೆಗೆ, ಕೆಲಸದ ಪಟ್ಟಿ. ಬೈದು ಹೋಗುವುದಷ್ಟೇ ಮೇಷ್ಟ್ರ ಕೆಲಸವಲ್ಲ.

1. ಜುಲೈ ಮುಗಿಯುವ ಮೊದಲು ಶಾಲೆಯ ಜಾಗದ ನಕ್ಷೆ ಬರೆಯಿರಿ. ಕತ್ತರಿಸುವ ಜಾಗ, ಕತ್ತರಿಸದ ಜಾಗ ಎಂದು ಎರಡು ಬಣ್ಣ ಹಚ್ಚಿ ಆಫೀಸಿನ ಗೋಡೆಗೆ ಅಂಟಿಸಿ. ಯಂತ್ರದವನಿಗೆ ಅದನ್ನೇ ತೋರಿಸಿ.

2. ಕತ್ತರಿಸದ ಜಾಗದಲ್ಲಿ ಕೀಳಬೇಕಾದದ್ದು ಸಿಂಗಾಪುರ ಡೈಸಿ, ಕಮ್ಯೂನಿಸ್ಟ್ ಗಿಡ, ಚದುರಂಗಿ. ಬೇರು ಸಹಿತ, ಕೈಯಿಂದ, ದೊಡ್ಡವರೇ ಕೀಳಬೇಕು.

3. ಪ್ರತಿ ಗಿಡಕ್ಕೂ ಒಂದು ಹಲಗೆ. ಕನ್ನಡದ ಹೆಸರು ಮೇಲೆ, ಅದರ ಕೆಳಗೆ ತುಳು, ಮಲಯಾಳ, ಕೊಂಕಣಿ, ಮರಾಟಿ ಯಾವುದು ಸಿಕ್ಕಿತೋ ಅದು. ಹೆಸರು ತರುವುದು ಮಕ್ಕಳ ಮನೆಕೆಲಸ, ಹೇಳುವುದು ಅಜ್ಜಿಯಂದಿರ ಕೆಲಸ.

4. ಗೌರಿ ಹೂವಿನ ಗಡ್ಡೆ ಘೋರ ವಿಷ. ಈಶ್ವರ ಬಳ್ಳಿಯನ್ನೂ, ಎಕ್ಕದ ಹಾಲನ್ನೂ ಬಾಯಿಗೆ, ಕಣ್ಣಿಗೆ ತಾಗಿಸಬಾರದು. ಇದನ್ನು ಮೊದಲ ದಿನವೇ ಹೇಳಿ. ನೋಡಲಿಕ್ಕೆ ಕಣ್ಣು ಸಾಕು.

5. ನೆಡಲೇಬೇಕು ಎಂದಿದ್ದರೆ ಜೂನ್ 5ಕ್ಕೆ ಕರಿಬೇವು, ಲಿಂಬೆ, ಕೇಪಳ, ಜುಮ್ಮನಕಾಯಿ ನೆಡಿ. ಫೋಟೋಕ್ಕೆ ಹೂ ಇರುವುದಿಲ್ಲ, ಎರಡು ವರ್ಷ ಬಿಟ್ಟು ಮರಿಹುಳ ಇರುತ್ತದೆ.

6. ಒಂದು ದಿನಚರಿ ಪುಸ್ತಕ. ಮೊದಲ ತುಂಬೆ ಅರಳಿದ ದಿನ, ಮೊದಲ ಬಡಗಿ ದುಂಬಿ ಬಂದ ದಿನ, ಕೊನೆಯ ಕಾಕ್ಕಪ್ಪೂವು ಒಣಗಿದ ದಿನ. ಹತ್ತು ವರ್ಷ ಬರೆದರೆ ಆ ಊರಿನ ಮಳೆಯ, ಹೂವಿನ ಚರಿತ್ರೆ ಅದು. ಮತ್ತೆ ಯಾವ ಕಚೇರಿಯವನೂ ನಿಮ್ಮ ಪಾರೆಯನ್ನು ಬಂಜರು ಎಂದು ಬರೆಯಲು ಎರಡು ಸಲ ಯೋಚಿಸಬೇಕಾಗುತ್ತದೆ, ಯಾಕೆಂದರೆ ಅಲ್ಲ ಎನ್ನಲಿಕ್ಕೆ ನಿಮ್ಮಲ್ಲಿ ಕಾಗದ ಇರುತ್ತದೆ.

ಇಷ್ಟಕ್ಕೆ ಖರ್ಚು? ಹಲಗೆ, ಬಣ್ಣ, ಒಂದು ಪುಸ್ತಕ. ಯಂತ್ರದ ಬಾಡಿಗೆಯಲ್ಲಿ ಅರ್ಧ ಉಳಿಯುತ್ತದೆ. ಕನ್ನಡ ಶಾಲೆಗೆ ಮಕ್ಕಳು ಕಡಿಮೆ, ಅಧ್ಯಾಪಕರ ನೇಮಕದಲ್ಲಿ ತಕರಾರು, ಪುಸ್ತಕ ತಡ ಎಂದು ನಾವು ದಿನವೂ ದೂರುತ್ತೇವೆ. ಆ ದೂರುಗಳೆಲ್ಲ ನಿಜ, ಅವನ್ನು ಬಿಡುವುದೂ ಬೇಡ. ಆದರೆ ಅವುಗಳ ಪರಿಹಾರ ಬೇರೆಯವರ ಕೈಯಲ್ಲಿ ಇದೆ. ಗುಡ್ಡೆಯ ಅಂಚಿನ ತುಂಬೆ ನಮ್ಮ ಕೈಯಲ್ಲೇ ಇದೆ. ಮುಂದಿನ ಪಿಟಿಎ ಸಭೆಯಲ್ಲಿ "ಕಾಡು ಸವರುವ ಬಗ್ಗೆ" ಎಂಬ ವಿಷಯ ಬಂದಾಗ ಯಾರಾದರೂ ಒಬ್ಬರು ಎದ್ದು "ಯಾವ ಕಾಡು? ಅದರಲ್ಲಿ ಏನೇನಿದೆ?" ಎಂದು ಕೇಳಿ. ಉತ್ತರ ಬರುವ ತನಕ ಬಿಲ್ಲಿಗೆ ಸಹಿ ಹಾಕಬೇಡಿ.